ಫೈಬ್ರೋಸ್ಕ್ಯಾನ್ ಒಂದು ಹೇಳುತ್ತದೆ, ರಕ್ತದ ಲೆಕ್ಕ ಇನ್ನೊಂದು: ಯಾವುದನ್ನು ನಂಬಬೇಕು?

ಪ್ರಶ್ನೆ (ಮುಧೋಳದಿಂದ):
ನಮಸ್ಕಾರ ಮೇಡಂ. ನನ್ನ ತಮ್ಮನಿಗೆ 34 ವರ್ಷ. ಎಂಟು ತಿಂಗಳ ಹಿಂದೆ ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಯಿತು. ಕುಡಿಯುವುದಿಲ್ಲ. ಈಗ ಲಿವರ್ ಕಿಣ್ವಗಳ ಪರೀಕ್ಷೆಯಲ್ಲಿ ಎಸ್‌ಜಿಒಟಿ 64, ಎಸ್‌ಜಿಪಿಟಿ 144, ಪ್ಲೇಟ್‌ಲೆಟ್ 2.10 ಲಕ್ಷ, ವೈರಸ್ ಡಿಎನ್‌ಎ 46,000. ಇಲ್ಲಿಯ ಡಾಕ್ಟರು ರಕ್ತದ ಅಂಕಿಗಳಿಂದ ಲಿವರಿನ ಕಲೆ ಅಂದಾಜಿಸುವ ಲೆಕ್ಕ ಹಾಕಿ ಫಿಬ್-4 0.86, ಏಪ್ರಿ 0.76, ಹೆದರಬೇಡಿ ಎಂದರು. ಬೆಳಗಾವಿಯಲ್ಲಿ ಫೈಬ್ರೋಸ್ಕ್ಯಾನ್ (ಲಿವರಿನ ಬಿಗಿತ ಅಳೆಯುವ ಸ್ಕ್ಯಾನ್) ಮಾಡಿಸಿದರೆ 11.8 ಬಂತು, ಸಿರೋಸಿಸ್ (ಲಿವರ್ ತುಂಬಾ ಕಲೆಗಟ್ಟುವ ಸ್ಥಿತಿ) ಹತ್ತಿರ ಇದೆ ಎಂದರು. ಅವ್ವ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ಯಾರ ಮಾತು ನಂಬಬೇಕ್ರೀ?

ಉತ್ತರ (ಲಿವರ್ ತಜ್ಞೆ):
ಮೊದಲು ಎರಡು ವಿಷಯ ಹೇಳಿ. ಸ್ಕ್ಯಾನಿಗೆ ಮುಂಚೆ ಏನಾದರೂ ತಿಂದಿದ್ದರಾ? ರಿಪೋರ್ಟಿನಲ್ಲಿ 11.8ರ ಪಕ್ಕ ಐಕ್ಯೂಆರ್ (ಅಳತೆಗಳ ಏರುಪೇರು) ಅಂತ ಇರುತ್ತದೆ, ಅದು ಎಷ್ಟು?

ಪ್ರಶ್ನೆ ಕೇಳಿದವರು:
ಬೆಳಗಾವಿ ಮುಟ್ಟಿದ ಮೇಲೆ ಹೊಟ್ಟೆ ತುಂಬಾ ನಾಷ್ಟಾ ಮಾಡಿದ್ವಿ. ಅರ್ಧ ಗಂಟೆಯಲ್ಲಿ ಒಳಗೆ ಕರೆದರು. ಉಪವಾಸ ಬರಬೇಕು ಅಂತ ಯಾರೂ ಹೇಳಲಿಲ್ಲ. ಐಕ್ಯೂಆರ್ 4.1, ಶೇಕಡಾ 35.

ಉತ್ತರ:
ಹಾಗಿದ್ದರೆ ಆ 11.8ನ್ನು ಹಿಡಿದು ಅಳುವುದು ಬೇಡ. ಈ ಯಂತ್ರ ನೋಡುವುದು ಲಿವರ್ ಎಷ್ಟು ಬಿಗಿಯಾಗಿದೆ ಎಂದು ಮಾತ್ರ. ಗಾಯ ಮಾಗಿದ ಹಾಗೆ ಕಲೆ (ಫೈಬ್ರೋಸಿಸ್) ಕಟ್ಟಿದರೂ ಬಿಗಿಯಾಗುತ್ತದೆ, ಬಾವು ಬಂದರೂ ಬಿಗಿಯಾಗುತ್ತದೆ. ಊಟವಾದ ಮೇಲೆ ಲಿವರಿಗೆ ರಕ್ತ ಜಾಸ್ತಿ ಹರಿಯುವುದರಿಂದಲೂ ಅಂಕಿ ಏರುತ್ತದೆ. ಅದಕ್ಕೇ ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಇರಬೇಕು. ನಿಮ್ಮ ತಮ್ಮನಿಗೆ ಎಸ್‌ಜಿಪಿಟಿ ಮಾಮೂಲಿ ಮಿತಿಯ ಮೂರೂವರೆ ಪಟ್ಟು ಇದೆ, ಅಂದರೆ ಬಾವು ಇದೆ. ಮೇಲಾಗಿ ಹತ್ತು ಸಲ ಅಳೆದದ್ದರಲ್ಲಿ ಏರುಪೇರು ಶೇಕಡಾ 30 ದಾಟಿದರೆ, ಇಷ್ಟು ದೊಡ್ಡ ಅಂಕಿಯನ್ನು ನಾವು ಗಟ್ಟಿ ಎಂದು ಒಪ್ಪುವುದಿಲ್ಲ.

ಆದರೆ ಫಿಬ್-4 ಕಡಿಮೆ ಇದೆ ಅಂತ ನಿಶ್ಚಿಂತೆಯಾಗಿ ಮಲಗುವ ಹಾಗೂ ಇಲ್ಲ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಪ್ಲೇಟ್‌ಲೆಟ್‌ನಿಂದಲೂ (ಸಾವಿರದ ಲೆಕ್ಕದಲ್ಲಿ), ಎಸ್‌ಜಿಪಿಟಿಯ ವರ್ಗಮೂಲದಿಂದಲೂ ಭಾಗಿಸಿದರೆ ಬರುವ ಲೆಕ್ಕ ಅದು. 2006ರಲ್ಲಿ ಎಚ್‌ಐವಿ ಜೊತೆ ಹೆಪಟೈಟಿಸ್ ಸಿ ಇದ್ದವರಿಗಾಗಿ ಮಾಡಿದ್ದು. ಹೆಪಟೈಟಿಸ್ ಬಿ ಇರುವವರಲ್ಲಿ, ಅದೂ ಸಣ್ಣ ವಯಸ್ಸಿನವರಲ್ಲಿ, ಇರುವ ಕಲೆಯನ್ನೂ ಬಿಟ್ಟುಬಿಡುತ್ತದೆ. ಏಪ್ರಿ 0.76 ಕೂಡ ಪೂರ್ತಿ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 0.5 ದಾಟಿದರೆ ಔಷಧಿ ಯೋಚಿಸಿ ಎಂದಿದೆ.

ಇನ್ನೊಬ್ಬ ಸದಸ್ಯರು (ವಿಜಯಪುರ):
ಮೇಡಂ, ನಮ್ಮ ಮಾವನವರದು ಉಲ್ಟಾ! 71 ವರ್ಷ. ಎಸ್‌ಜಿಒಟಿ 38, ಎಸ್‌ಜಿಪಿಟಿ 25, ಪ್ಲೇಟ್‌ಲೆಟ್ 1.75 ಲಕ್ಷ. ಫಿಬ್-4 3.08, ಸ್ಕ್ಯಾನ್ 5.6.

ಉತ್ತರ:
ಅದರಲ್ಲಿ ಅರ್ಧ ಪಾಲು ವಯಸ್ಸಿನದೇ. ಇದೇ ರಕ್ತ 35 ವರ್ಷದವರದ್ದಾಗಿದ್ದರೆ 1.52 ಬರುತ್ತಿತ್ತು. ಖಾಲಿ ಹೊಟ್ಟೆಯಲ್ಲಿ, ಏರುಪೇರು ಕಡಿಮೆ ಇದ್ದು 5.6 ಬಂದಿದ್ದರೆ ನಾನು ಸ್ಕ್ಯಾನನ್ನೇ ನಂಬುತ್ತೇನೆ. ಪ್ಲೇಟ್‌ಲೆಟ್ ಮಾತ್ರ ಇನ್ನೊಮ್ಮೆ ನೋಡಿಸಿ. ಡೆಂಗಿಯಂತಹ ಜ್ವರ ಬಂದು ಹೋದ ಹೊಸತರಲ್ಲಿ ಕೊಟ್ಟ ರಕ್ತವಾದರೆ ಲೆಕ್ಕವೆಲ್ಲ ಕೆಡುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಸೂಜಿ ಹಾಕಿ ಬಯಾಪ್ಸಿ ಮಾಡಿಸಬೇಕಾ ಮೇಡಂ?

ಉತ್ತರ:
ಈಗಲೇ ಬೇಡ. ಬಯಾಪ್ಸಿಯಲ್ಲಿ ಸಿಗುವುದು ಇಡೀ ಲಿವರಿನ ಐವತ್ತು ಸಾವಿರದಲ್ಲಿ ಒಂದು ಪಾಲು, ಅದೂ ಒಮ್ಮೊಮ್ಮೆ ತಪ್ಪುತ್ತದೆ. ನಿಮ್ಮ ತಮ್ಮನ ವಿಷಯದಲ್ಲಿ ಈ ಜಗಳ ಬಗೆಹರಿಯುವವರೆಗೆ ಕಾಯುವ ಅಗತ್ಯವೇ ಇಲ್ಲ. ಡಿಎನ್‌ಎ 2,000 ದಾಟಿ ಎಸ್‌ಜಿಪಿಟಿಯೂ ಹೆಚ್ಚಿದ್ದರೆ ಔಷಧಿ ಶುರು ಮಾಡುವುದೇ ಸರಿ, ಸ್ಕ್ಯಾನ್ ಏನೇ ಹೇಳಲಿ. ಟೆನೊಫೊವಿರ್ ಅಥವಾ ಎಂಟೆಕವಿರ್ ಕೊಡುತ್ತಾರೆ. ಅದಕ್ಕೆ ಮುಂಚೆ ಕಿಡ್ನಿ ಮತ್ತು ಎಚ್‌ಐವಿ ಪರೀಕ್ಷೆ ಆಗಬೇಕು. 2018ರಲ್ಲಿ ಶುರುವಾದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಔಷಧಿ ಉಚಿತ, ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಧ್ಯೆ ತಾನಾಗಿ ನಿಲ್ಲಿಸುವುದು ಮಾತ್ರ ಬೇಡ, ಬಾವು ಒಮ್ಮೆಲೇ ಉಲ್ಬಣಿಸಬಹುದು. ನಾಟಿ ಕಾಮಾಲೆ ಔಷಧಿಯೂ ಬೇಡ ಅಂತ ನನ್ನ ಖಡಾಖಂಡಿತ ಮಾತು.

ಎಸ್‌ಜಿಪಿಟಿ ಇಳಿದ ಮೇಲೆ, ಸುಮಾರು ಆರು ತಿಂಗಳಿಗೆ, ಖಾಲಿ ಹೊಟ್ಟೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ. ಆಗಲೂ 11ರ ಆಸುಪಾಸಿದ್ದರೆ ಅದು ಕಲೆಯೇ ಇರಬಹುದು, ಕ್ಯಾನ್ಸರ್ ತಪಾಸಣೆಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಈಗ ಒಂದು ಅಲ್ಟ್ರಾಸೌಂಡ್ ಹೇಗೂ ಮಾಡಿಸಿಬಿಡಿ. ಹಾಂ, ಅವ್ವನನ್ನೂ ಸೇರಿಸಿ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಇಲ್ಲದವರಿಗೆ ಲಸಿಕೆ ಹಾಕಿಸಿ.