ಬೀಜ ಮೇಳದ ಪ್ರಕಟಣೆ: ಕೃಷಿ ಪತ್ರಿಕೆಗಳಿಗೆ ಹೇಗೆ ಕಳಿಸೋದು?

ಪ್ರಶ್ನೆ: ಮುಂದಿನ ತಿಂಗಳು ದೇಸಿ ಭತ್ತದ ಬೀಜ ಮೇಳ ಇದೆ. 80 ಪತ್ರಿಕೆ, ಚಾನೆಲ್‌ಗಳಿಗೆ ಒಂದೇ ಮೇಲ್‌ನಲ್ಲಿ ಪಿಡಿಎಫ್ ಹೋಗಿದೆ, ಯಾರೂ ಹಾಕಿಲ್ಲ. ಏನು ತಪ್ಪು?

ಉತ್ತರ 1: ಪಿಡಿಎಫ್ಫೇ ತಪ್ಪು. ಅದರಿಂದ ಕನ್ನಡ ಕಾಪಿ ಮಾಡಿದರೆ ಎಷ್ಟೋ ಸಲ ಒತ್ತಕ್ಷರ ಒಡೆಯುತ್ತದೆ. ಮತ್ತೆ ಟೈಪ್ ಮಾಡಲು ಪತ್ರಿಕೆಯ ಸಂಪಾದಕೀಯ ಡೆಸ್ಕ್‌ನಲ್ಲಿ ಪುರುಸೊತ್ತಿಲ್ಲ. ಪಠ್ಯವನ್ನು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್, ಫೋನ್‌ಗಳೂ ಓದಬಲ್ಲ ಅಕ್ಷರ ವ್ಯವಸ್ಥೆ), ಮೇಲ್ ಒಳಗೇ ಹಾಕಿ. ಹಳೆಯ ನುಡಿ ಫಾಂಟ್‌ನಿಂದ ಪರಿವರ್ತಿಸಿದ್ದರೆ ಅರ್ಕಾವತ್ತು ಒಮ್ಮೆ ನೋಡಿಕೊಳ್ಳಿ. 150 ಪದ ಸಾಕು. ಮೊದಲ ಸಾಲಲ್ಲೇ ದಿನ, ಜಾಗ, ಎಷ್ಟು ತಳಿ; ಗಣ್ಯರ ಪಟ್ಟಿ ಕೊನೆಗೆ (ಸಮಿತಿಯವರು ಮುನಿಸಿಕೊಂಡರೂ ಪರವಾಗಿಲ್ಲ).

ಉತ್ತರ 2: 80 ಯಾಕೆ? ಹೆಸರು ಹಿಡಿದು ಬರೆಯಬಲ್ಲ 12 ಜನ ಸಾಕು. ಪುತ್ತೂರಿನ ಅಡಿಕೆ ಪತ್ರಿಕೆಯಂಥ ಮಾಸಿಕಗಳ ಪುಟ ಬಹಳ ಮೊದಲೇ ತುಂಬಿರುತ್ತದೆ, ಒಂದೂವರೆ ತಿಂಗಳು ಮುಂಚೆ ತಲುಪಬೇಕು. ಈಗ ಅವರಿಗೆ ಮೇಳದ ಸುದ್ದಿ ಬೇಡ. ಒಂದು ಅಪರೂಪದ ತಳಿಯ ವಿವರ, ಅವಧಿ, ಇಳುವರಿ, ಬೆಳೆದವರ ಒಪ್ಪಿಗೆ ಪಡೆದು ಅವರ ಫೋನ್ ನಂಬರ್ ಕೊಡಿ. ಜಿಲ್ಲಾ ವರದಿಗಾರರಿಗೆ 4 ದಿನ ಮೊದಲು, ಸಂಜೆಯ ಗಡಿಬಿಡಿಗೆ ಮುನ್ನ. ಆಕಾಶವಾಣಿ ಕೃಷಿ ವಿಭಾಗಕ್ಕೆ ಮಾತಾಡಬಲ್ಲ ರೈತರೊಬ್ಬರನ್ನು ಸೂಚಿಸಿ.

ಉತ್ತರ 3: ಫೋಟೊ ವಾಟ್ಸ್ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಮುದ್ರಣಕ್ಕೆ ಬಾರದು. ಬ್ಯಾನರ್ ಬೇಡ, ತೆನೆ ಇರಲಿ.