ಕ್ಯಾರವಾನ್ ಫರ್ನೇಸ್: ಫ್ಯಾನ್ ಓಡುತ್ತದೆ, ಬಿಸಿಗಾಳಿ ಮಾತ್ರ ಇಲ್ಲ

ಕುಂಬಳೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಕುಂಬಳೆ. ಒಂದು ಟ್ರಾವೆಲ್ಲರ್ ಗಾಡಿಯನ್ನು ಕ್ಯಾರವಾನ್ ಮಾಡಿಸಿ ಬಾಡಿಗೆಗೆ ಬಿಡುತ್ತೇವೆ. ಓಡಿಸುವುದು ಮನೆಯವರು. ವೈರಿಂಗ್, ಗ್ಯಾಸ್, ನೀರಿನ ಪಂಪು ಎಲ್ಲ ನನ್ನ ಪಾಲಿಗೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತಿದ್ದೇನೆ, ಮೀಟರ್ ಹಿಡಿಯಲು ಬರುತ್ತದೆ. ಆದರೆ ಬಾಡಿ ಕಟ್ಟಿದವರು ಅಮೆರಿಕದಿಂದ ತರಿಸಿ ಕೂರಿಸಿದ, ಗ್ಯಾಸ್ ಉರಿಸಿ ಗಾಡಿಯೊಳಗೆ ಬಿಸಿಗಾಳಿ ಬಿಡುವ ಈ ಪ್ರೊಪೇನ್ ಫರ್ನೇಸ್ ನನಗೆ ಹೊಸತು.

ಊರಲ್ಲಿ ಇದು ಬೇಕಾಗುವುದೇ ಇಲ್ಲ. ಬೇಕಾಗುವುದು ಊಟಿಗೆ ಹೋದಾಗ. ಸರಿಯಾಗಿ ಅಲ್ಲೇ ಕೈಕೊಟ್ಟಿತು. ಎಷ್ಟು ಬಿಸಿ ಬೇಕೆಂದು ಹೊಂದಿಸುವ ಥರ್ಮೋಸ್ಟಾಟ್ ಏರಿಸಿದ ಕೂಡಲೇ ಫ್ಯಾನ್ ತಿರುಗುತ್ತದೆ, ಗಾಳಿ ಬರುತ್ತದೆ, ಆದರೆ ತಣ್ಣನೆ ಗಾಳಿ. ಬಾಡಿಗೆಗೆ ಬಂದವರ ಜೊತೆ ಒಬ್ಬರು ಅಜ್ಜಿ ಇದ್ದರು. ಇದ್ದಬದ್ದ ಕಂಬಳಿಯೆಲ್ಲ ಅವರಿಗೆ ಹೊದಿಸಬೇಕಾಯಿತಂತೆ. ಕೇಳಿ ತುಂಬಾ ಬೇಜಾರಾಯಿತು.

ಗಮನಿಸಿದ್ದು ಇಷ್ಟು. ಅದೇ ಸಿಲಿಂಡರಿನಲ್ಲಿ ಒಲೆ ಚೆನ್ನಾಗಿ ಉರಿಯುತ್ತದೆ. ಗಾಡಿಯ ಎಂಜಿನ್ ಚಾಲೂ ಇಟ್ಟರೆ ಫರ್ನೇಸ್ ಒಮ್ಮೊಮ್ಮೆ ಹತ್ತಿಕೊಳ್ಳುತ್ತದೆ. ಮನೆಯ ಶೆಡ್ಡಿನಲ್ಲಿ ಚಾರ್ಜರ್ ಸಿಕ್ಕಿಸಿ ನೋಡಿದರೆ ಯಾವ ತಕರಾರೂ ಇಲ್ಲ. ಶೆಡ್ ಇರುವುದು ಕಡಲ ಹತ್ತಿರ. ಎಲ್ಲಿಂದ ಶುರು ಮಾಡಲಿ?

ಕೂನೂರಿನಿಂದ:
ಅಕ್ಕಾ, ಗುಡ್ಡ ಹತ್ತಿದ ಮೇಲೆ ಕೆಡುತ್ತದೆ ಅಂದ್ರೆ ನನಗೆ ಅನುಮಾನ ಗ್ಯಾಸಿನ ಮೇಲೆ. ಅಮೆರಿಕದಲ್ಲಿ ಇಂಥ ಗಾಡಿಗೆ ತುಂಬುವುದು ಪ್ರೊಪೇನ್. ನಮ್ಮ ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಬ್ಯೂಟೇನ್ ಹಾಗಲ್ಲ, ಚಳಿ ಸೊನ್ನೆಯ ಹತ್ತಿರ ಬಂತೆಂದರೆ ಆವಿಯಾಗದೆ ತಳದಲ್ಲೇ ಕೂತುಬಿಡುತ್ತದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಜನವರಿಯಲ್ಲಿ ಬೆಳಗಾಗುವಾಗ ಹುಲ್ಲೆಲ್ಲ ಬೆಳ್ಳಗಾಗಿರುತ್ತದೆ. ಸಿಲಿಂಡರ್ ಅರ್ಧ ಮುಗಿದಿದ್ದರೆ ಇನ್ನೂ ಕಷ್ಟ, ಯಾಕಂದ್ರೆ ಪ್ರೊಪೇನ್ ಮೊದಲು ಖರ್ಚಾಗಿ ಬ್ಯೂಟೇನೇ ಜಾಸ್ತಿ ಉಳಿದಿರುತ್ತದೆ.

ಒಲೆ ಉರಿಯಿತು ಅಂತ ಗ್ಯಾಸ್ ಸರಿ ಇದೆ ಅಂದುಕೊಳ್ಳಬೇಡಿ. ಫರ್ನೇಸ್ ಒಲೆಗಿಂತ ತುಂಬಾ ಜಾಸ್ತಿ ಎಳೆಯುತ್ತದೆ. ಒಲೆ ಹಚ್ಚಿಟ್ಟು ಫರ್ನೇಸ್ ಹಾಕಿ, ಒಲೆಯ ಉರಿ ಕುಗ್ಗುತ್ತದಾ ನೋಡಿ. ಮತ್ತೆ, ದಯವಿಟ್ಟು ಸಿಲಿಂಡರಿಗೆ ಬಿಸಿನೀರು ಸುರಿಯುವ ಕೆಲಸ ಯಾರೂ ಮಾಡಬೇಡಿ. ಇಲ್ಲಿ ಟೂರಿಸ್ಟುಗಳು ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ.

ತಾಳವಾಡಿ:
ಹೊರಗಿನ ಹೊಗೆಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ.

ಮಂಜೇಶ್ವರದವ, ಈಗ ಮಿಷಿಗನ್:
ನಮ್ಮ ಮೋಟಾರ್‌ಹೋಮ್‌ನಲ್ಲೂ ಇದೇ ತರದ್ದು ಉಂಟು. ಇಲ್ಲಿ ಚಳಿಗಾಲದಲ್ಲಿ ಇದಿಲ್ಲದೆ ಆಗುವುದಿಲ್ಲ. ಬಿಚ್ಚುವ ಮೊದಲು ಅದು ಯಾವ ಕ್ರಮದಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಿ.

ಥರ್ಮೋಸ್ಟಾಟ್ ಹೇಳಿದ ಕೂಡಲೇ ಮೊದಲು ಓಡುವುದು ಫ್ಯಾನ್. ಅದರ ಗಾಳಿಗೆ ಒಳಗೆ ಒಂದು ತೆಳು ತಗಡಿನ ರೆಕ್ಕೆ ವಾಲುತ್ತದೆ. ಅದು ಸೇಲ್ ಸ್ವಿಚ್. ಫ್ಯಾನ್ ತನ್ನ ವೇಗದ ಮುಕ್ಕಾಲು ಪಾಲಿಗಾದರೂ ಏರದಿದ್ದರೆ ಆ ರೆಕ್ಕೆ ಸ್ವಿಚ್ಚನ್ನು ಪೂರ್ತಿ ಒತ್ತುವುದಿಲ್ಲ. ಒತ್ತದಿದ್ದರೆ ಫರ್ನೇಸನ್ನು ನಡೆಸುವ ಸರ್ಕ್ಯೂಟ್ ಬೋರ್ಡ್ ಗ್ಯಾಸ್ ಬಿಡುವುದೇ ಇಲ್ಲ. ಒತ್ತಿದರೆ, ಒಳಗೆ ಉಳಿದ ಗ್ಯಾಸ್ ಏನಾದರೂ ಇದ್ದರೆ ಹೊರಹೋಗಲಿ ಅಂತ ಕೆಲವು ಸೆಕೆಂಡ್ ಕಾದು, ಆಮೇಲೆ ವಾಲ್ವ್ ತೆರೆದು ಕಿಡಿ ಹಾರಿಸುತ್ತದೆ.

ಹಾಗಾಗಿ ಹತ್ತಿರ ಕೂತು ಕಿವಿಗೊಡಿ. ವಾಲ್ವಿನ ‘ಟಕ್’ ಕೇಳಿಸಿ, ಟಿಕ್ ಟಿಕ್ ಕಿಡಿಯೂ ಬಂದು ಬೆಂಕಿ ಹತ್ತದಿದ್ದರೆ ಕೂನೂರಿನವರು ಹೇಳಿದ ಗ್ಯಾಸಿನ ಕಡೆ ಹೋಗಿ. ಬೆಂಕಿ ಹತ್ತಿ ಕೂಡಲೇ ಆರಿದರೆ, ಬೆಂಕಿ ಇದೆಯಾ ಅಂತ ಬೋರ್ಡಿಗೆ ತಿಳಿಸುವ ಎಲೆಕ್ಟ್ರೋಡ್ ನೋಡಿ. ಟಕ್ ಅನ್ನುವುದೇ ಕೇಳಿಸದಿದ್ದರೆ ತೊಂದರೆ ಗ್ಯಾಸಿನದಲ್ಲ, ಗಾಳಿಯದು ಇಲ್ಲವೇ ಕರೆಂಟಿನದು.

ನನ್ನ ಅಂದಾಜು ಕರೆಂಟು. ಎಂಜಿನ್ ಚಾಲೂ ಇದ್ದಾಗ ಹತ್ತುತ್ತದೆ, ಚಾರ್ಜರ್ ಹಾಕಿದಾಗ ಹತ್ತುತ್ತದೆ ಅಂತ ನೀವೇ ಬರೆದಿದ್ದೀರಲ್ವಾ? ಎರಡರಲ್ಲೂ ವೋಲ್ಟೇಜ್ 13ರ ಮೇಲೆ ಇರುತ್ತದೆ. ಬರೀ ಬ್ಯಾಟರಿಯಲ್ಲಿ ಫ್ಯಾನ್ ತಿರುಗುತ್ತದೆ, ಆದರೆ ಸಾಲುವಷ್ಟು ಜೋರಾಗಿ ಅಲ್ಲ. ಬ್ಯಾಟರಿಯಲ್ಲಿ ಅಳೆದು ಬಿಡಬೇಡಿ. ಫ್ಯಾನ್ ಓಡುತ್ತಿರುವಾಗಲೇ ಫರ್ನೇಸಿನ ವೈರ್ ತುದಿಯಲ್ಲಿ ಅಳೆಯಿರಿ. ಸೇಲ್ ಸ್ವಿಚ್ಚಿಗೆ ವೈರ್ ಜೋಡಿಸಿ ದಾಟಿಸುವ ಉಪಾಯ ಕೆಲವರು ಹೇಳುತ್ತಾರೆ. ಅದು ಬೇಡ. ಗಾಳಿ ಇಲ್ಲದೆ ಬೆಂಕಿ ಹತ್ತದಂತೆ ಕಾಯುವುದೇ ಅದು.

ಕುಂಬಳೆಯವಳು:
ಮಿಷಿಗನ್ ಅಣ್ಣ, ಇವತ್ತು ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದೆ. ಇಲ್ಲಿನ ಸೆಕೆಗೆ ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಬೇಕಾಯಿತು. ಫ್ಯಾನ್ ಓಡಿತು, ಟಕ್ ಅನ್ನಲಿಲ್ಲ. ಬ್ಯಾಟರಿಯಲ್ಲಿ 12.5, ಫರ್ನೇಸ್ ತುದಿಯಲ್ಲಿ 9.7 ವೋಲ್ಟ್!

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದನ್ನು ಫರ್ನೇಸಿನ ನೆಗೆಟಿವಿಗೆ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದ ಕಡೆ 2.4 ತೋರಿಸಿತು. ಹಾಗಾದರೆ ಕಳ್ಳ ಇರುವುದು ಅರ್ತ್ ದಾರಿಯಲ್ಲಿ. ಚಾಸಿಸ್ಸಿಗೆ ಬೋಲ್ಟ್ ಹಾಕಿದ ಲಗ್ (ವೈರಿನ ತುದಿಗೆ ಒತ್ತಿದ ಲೋಹದ ಬಳೆ) ಹೊರಗಿನಿಂದ ನೋಡಿದರೆ ಹೊಸದರಂತೆ ಇತ್ತು, ಮೇಲೆ ಕಪ್ಪು ಸ್ಲೀವ್ ಬೇರೆ. ಸ್ಲೀವ್ ಸೀಳಿದರೆ ಒಳಗೆಲ್ಲ ಹಸಿರು ಕಿಲುಬು. ತಾಮ್ರದ ಎಳೆಗಳು ಉಗುರು ತಾಗಿದರೆ ಪುಡಿಯಾಗುತ್ತಿದ್ದವು. ಕಡಲ ಗಾಳಿಯ ಕೆಲಸ.

ಕೊಳೆತ ತುಂಡು ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಸಿಪ್ಪೆ ಸುಲಿದು, ತವರ ಲೇಪದ ಹೊಸ ಲಗ್ ಒತ್ತಿದೆ. ಚಾಸಿಸ್ಸಿನ ಪೇಂಟ್ ಕೆರೆದು ಬಿಗಿಮಾಡಿ ಮೇಲಿಂದ ವ್ಯಾಸಲೀನ್ ಬಳಿದೆ. ಈಗ ಫರ್ನೇಸ್ ತುದಿಯಲ್ಲಿ 12.1. ಟಕ್ ಅಂತು, ಕಿಡಿ ಬಂತು, ಬಿಸಿಗಾಳಿ ಶುರುವಾಯಿತು! ಎಂಜಿನ್ ಇಲ್ಲದೆ ಮತ್ತೆ ಮತ್ತೆ ಹಾಕಿ ನೋಡಿದೆ, ಪ್ರತಿ ಸಲವೂ ಹತ್ತಿತು.

ಕೂನೂರಿನ ತಮ್ಮ, ನೀವು ಹೇಳಿದ ಒಲೆಯ ಪರೀಕ್ಷೆ ಇಲ್ಲಿ ಪಾಸಾಯಿತು. ಆದರೂ ಊಟಿಗೆ ಇನ್ನು ತುಂಬಿದ ಸಿಲಿಂಡರೇ ಹೋಗುತ್ತದೆ. ಕೊಳವೆಯಲ್ಲಿ ಗೂಡು ಇರಲಿಲ್ಲ.

ಹೊಸೂರು ಆಟೋ ಎಲೆಕ್ಟ್ರಿಕಲ್:
ಮೇಡಂ, ಒಳ್ಳೆ ಕೆಲಸ. ಕಡಲ ತೀರದ ಗಾಡಿಗೆ ಚಾಸಿಸ್ ಅರ್ತ್ ನಂಬುವುದಕ್ಕಿಂತ ಫರ್ನೇಸಿನಿಂದ ಬ್ಯಾಟರಿ ನೆಗೆಟಿವಿಗೆ ನೇರವಾಗಿ ಒಂದು ದಪ್ಪ ವೈರ್ ಎಳೆದುಬಿಡಿ. ಅದೇ ಬೋಲ್ಟಿನಲ್ಲಿ ನೀರಿನ ಪಂಪಿನ ಅರ್ತ್ ಕೂಡ ಇದ್ದರೆ ಅದನ್ನೂ ಬಿಚ್ಚಿ ನೋಡಿ.

ಮಂಜೇಶ್ವರದವ, ಈಗ ಮಿಷಿಗನ್:
ತುಂಬಾ ಸಂತೋಷ ಆಯ್ತು. ಒಂದು ಕೇಳುವುದು ಬಾಕಿ ಉಂಟು: ಒಳಗೆ ಕಾರ್ಬನ್ ಮೊನಾಕ್ಸೈಡ್ (ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಿಷಗಾಳಿ) ಅಲಾರ್ಮ್ ಇದೆಯಾ? ಗ್ಯಾಸ್ ಅಲಾರ್ಮ್ ಬೇರೆ, ಇದು ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಅದರ ಅಲಾರ್ಮ್ ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಮಲಗುವ ಜಾಗದ ಹತ್ತಿರವೇ ಹಾಕಿಸಿ.