ಶಿರಸಿಯಿಂದ ಪಣಜಿ: ನಾಲ್ಕು ಜನ, ಎರಡು ದಿನ, 6,000 ರೂಪಾಯಿ ಸಾಕೇ?

ಶಾಲ್ಮಲಾ:
ನವೆಂಬರಿನಲ್ಲಿ ಪಣಜಿ, ಹಳೆ ಗೋವೆ ನೋಡುವ ಯೋಚನೆ. ನಾವಿಬ್ಬರು, 70 ದಾಟಿದ ಆಯಿ, ಹತ್ತು ವರ್ಷದ ಮಗಳು. ಸ್ವಂತ ವಾಹನ ಇಲ್ಲ, ಊಟ ಸಸ್ಯಾಹಾರ. ಸಮುದ್ರ ನಮ್ಮಲ್ಲೇ ಇದೆ, ಬೀಚು ಬೇಡ. ಪೇಟೆ, ಹಳೆ ಕಟ್ಟಡ, ನದಿ ನೋಡಬೇಕು. ಆಯಿಗೆ ಮೊಣಕಾಲು ನೋವು. ಟ್ಯಾಕ್ಸಿ ಮಾಡದೆ, ಒಂದು ರಾತ್ರಿ ಉಳಿದು ಬರಲು ಆಗುತ್ತದೆಯೇ?

ಕಾಳಿದಂಡೆ:
ಆಗುತ್ತದೆ. ಅಲ್ಲಿ ನೋಡುವುದೆಲ್ಲ ಹೆಚ್ಚುಕಮ್ಮಿ ಪುಕ್ಕಟೆ, ದುಡ್ಡು ಹೋಗುವುದು ವಾಹನಕ್ಕೆ ಮತ್ತು ರೂಮಿಗೆ.

ಶಿರಸಿಯಿಂದ ಬೆಳಗಿನ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬನ್ನಿ. ಸಾಮಾನ್ಯ ಬಸ್ಸಾದರೆ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಜೊತೆಗಿರಲಿ. ನೇರ ಗೋವೆಯ ಬಸ್ಸು ಹತ್ತಿದರೆ ಈ ಲಾಭ ಹೋಯಿತು, ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಕುಮಟಾ ಸ್ಟೇಶನ್ನಿನಲ್ಲಿ ಮಂಗಳೂರು–ಮಡಗಾಂವ ಪ್ಯಾಸೆಂಜರ್ ಹಿಡಿಯಿರಿ. ತಲೆಗೆ 50ರೊಳಗೆ ಮುಗಿಯುತ್ತದೆ. ಸಾದಾ ಟಿಕೆಟ್ ಇಟ್ಟುಕೊಂಡು ಮುಂದೆ ಬಂದ ಎಕ್ಸ್‌ಪ್ರೆಸ್ ಹತ್ತಬೇಡಿ, ದಂಡ ಬೀಳುತ್ತದೆ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ಹಾಗಾಗಿ ನೀವು ಹೋಗುವ ವಾರದ್ದನ್ನೇ ನೋಡಿಕೊಳ್ಳಿ.

ಮಡಗಾಂವ ಸ್ಟೇಶನ್ನಿಂದ ಕದಂಬ (ಗೋವೆಯ ಸರಕಾರಿ ಸಾರಿಗೆ) ಬಸ್ ಸ್ಟ್ಯಾಂಡ್ ನಡೆಯುವಷ್ಟು ಹತ್ತಿರವಿಲ್ಲ, ಇಲ್ಲೊಂದು ರಿಕ್ಷಾ ಮಾಡಲೇಬೇಕು. ದರ ಮೊದಲೇ ಮಾತಾಡಿ. ಸ್ಟ್ಯಾಂಡಿನಲ್ಲಿ ಪಣಜಿಯ ನಾನ್‌ಸ್ಟಾಪ್ ಬಸ್ಸಿಗೆ ಕಿಟಕಿಯಲ್ಲಿ ಟಿಕೆಟ್ ಪಡೆದು ಸಾಲಿನಲ್ಲಿ ಹತ್ತಬೇಕು, 33 ಕಿ.ಮೀ., ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ಹೊರಗೆ ಕೂಗಿ ಕರೆಯುವ ಖಾಸಗಿ ಬಸ್ಸು ಊರೂರಿಗೂ ನಿಲ್ಲುತ್ತದೆ.

ರೂಮನ್ನು ಪಣಜಿ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯಿರಿ. 300 ಉಳಿಸಲು ದೂರ ಹೋದರೆ ರಿಕ್ಷಾಕ್ಕೆ ಅದರ ದುಪ್ಪಟ್ಟು. ಶನಿವಾರ, ಭಾನುವಾರ ಬಾಡಿಗೆ ಏರುತ್ತದೆ.

ಸದಾಶಿವಗಡ:
ಮೊದಲ ದಿನ ಸಂಜೆ ಪಣಜಿ ಸಾಕು. ಹಳೆ ಗೋವೆ ರೋಗರುಜಿನಕ್ಕೆ ಬರಿದಾದ ಮೇಲೆ 1843ರಲ್ಲಿ ರಾಜಧಾನಿಯಾದ ಊರು ಇದು, ಚಿಕ್ಕದು. ಸ್ಟ್ಯಾಂಡಿನಿಂದ ಒರೆಮ್ ತೊರೆಯ ಸೇತುವೆ ದಾಟಿದರೆ ಪೋರ್ಚುಗೀಸರ ಕಾಲದ ಹಳೆ ಮನೆಗಳ ಫೊಂತೈನ್ಹಾಸ್ ಕೇರಿ. ಕೆಳಗಿನ ಬೀದಿಗಳು ಸಪಾಟು, ಆಯಿಗೆ ತೊಂದರೆಯಿಲ್ಲ. ಬಿಸಿಲು ತಗ್ಗಿದ ಮೇಲೆ, ನಾಲ್ಕರ ನಂತರ ಹೋಗಿ. ಅವೆಲ್ಲ ಜನ ವಾಸವಿರುವ ಮನೆಗಳು. ಜಗುಲಿ ಹತ್ತಿ, ಬಾಗಿಲಿಗೆ ಒರಗಿ ಫೋಟೋ ತೆಗೆದು ತೆಗೆದು ಅಲ್ಲಿಯವರಿಗೆ ಸಾಕಾಗಿದೆ. ದಯವಿಟ್ಟು ಬೀದಿಯಲ್ಲೇ ನಿಂತು ನೋಡಿ.

ಅಲ್ಲಿಂದ ದೊಡ್ಡ ಚರ್ಚು. ಅದರ ಅಂಕುಡೊಂಕು ಬಿಳಿ ಮೆಟ್ಟಿಲನ್ನು ಆಯಿ ಹತ್ತುವುದು ಬೇಡ, ಕೆಳಗಿನ ಚೌಕದಿಂದಲೇ ಇಡೀ ಕಟ್ಟಡ ಕಾಣುತ್ತದೆ. ಮೇಲೆ ತೂಗುವ ಗಂಟೆಯನ್ನು ಮಗಳಿಗೆ ತೋರಿಸಿಡಿ, ಮರುದಿನ ಬೇಕಾಗುತ್ತದೆ.

ಮಾಂಡವಿ ನದಿ ನೋಡಲು ಹಣ ಕೊಟ್ಟು ಕ್ರೂಸ್ ಹತ್ತುವ ಅಗತ್ಯ ಕಾಣುವುದಿಲ್ಲ. ಒಂದು ಗಂಟೆ ಜೋರು ಸಂಗೀತ, ಅಷ್ಟೇ. ದಂಡೆಯಿಂದ ಆಚೆ ದಡದ ಬೇತಿಗೆ ಸರಕಾರಿ ತಾರಿ (ನದಿ ದಾಟಿಸುವ ದೋಣಿ) ಇದೆ, ನಡೆದು ಹತ್ತುವವರಿಗೆ ಪುಕ್ಕಟೆ. ಸೂರ್ಯ ಮುಳುಗುವ ಮುಂಚೆ ಹೋಗಿ ಮುಂದಿನ ತಾರಿಗೆ ವಾಪಸ್ ಬನ್ನಿ. ಅದೇ ಮಾಂಡವಿ, ಅದೇ ಸಂಜೆ. ನೀರು ಇಳಿದಾಗ ತಾರಿ ಹತ್ತುವ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಆಯಿಯ ಕೈ ಹಿಡಿದಿರಿ. ಬೈಕುಗಳು ಮೊದಲು ನುಗ್ಗುತ್ತವೆ, ಅವು ಹೋಗಲಿ.

ತಿಂಡಿಗೆ ಭಾಜಿ–ಪಾವ್, ಬನ್ಸ್. ಸಸ್ಯಾಹಾರಿ ಹೋಟೆಲು ಚರ್ಚ್ ಚೌಕದ ಸುತ್ತ ಸಾಕಷ್ಟಿವೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಂಗಡಿ ಬಾಗಿಲು ಹಾಕುವ ರೂಢಿ ಇನ್ನೂ ಇದೆ.

ಬೈತಖೋಲ:
ಎರಡನೇ ದಿನ ಹಳೆ ಗೋವೆ, ಬಸ್ಸಿನಲ್ಲಿ ಅರ್ಧ ಗಂಟೆ. ರಿಬಂದರ್ ಮೇಲೆ ಹೋಗುವುದನ್ನೇ ಕೇಳಿ ಹತ್ತಿ ಎಡಗಡೆ ಕೂತರೆ ನದಿ ಪಕ್ಕದಲ್ಲೇ. ಬೊಂ ಜೇಸುಸ್ ಬೆಸಿಲಿಕಾ (1605) ಮತ್ತು ಸೇ ಕೆಥೆಡ್ರಲ್ ರಸ್ತೆಯ ಆಚೀಚೆ ಇವೆ, ಪ್ರವೇಶ ಶುಲ್ಕ ಇಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಕೆಥೆಡ್ರಲ್‌ಗೆ ಒಂದೇ ಗೋಪುರ ಏಕೆಂದರೆ ಇನ್ನೊಂದು 1776ರಲ್ಲಿ ಬಿತ್ತು.

ಆಯಿಯನ್ನು ಅಲ್ಲಿನ ನೆರಳಿನಲ್ಲಿ ಒಬ್ಬರ ಜೊತೆ ಕೂರಿಸಿ, ಮಗಳನ್ನು ಗುಡ್ಡದ ಮೇಲಿನ ಸಂತ ಅಗಸ್ಟೀನ್ ಗೋಪುರಕ್ಕೆ ಕರೆದೊಯ್ಯಿರಿ. ಕೆಂಪು ಜಂಬಿಟ್ಟಿಗೆಯ 46 ಮೀಟರ್ ಗೋಪುರ, ಅರ್ಧ ಕುಸಿದು ನಿಂತಿದೆ. ಪಣಜಿ ಚರ್ಚಿನ ಆ ಗಂಟೆ ಮೊದಲು ಇಲ್ಲಿನದು. ಹಳೆ ಗೋವೆಯಲ್ಲಿ ಒಂದೇ ಒಂದು ಕಡೆ ಹೊತ್ತು ಕಳೆಯುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಭಾನುವಾರ ಬೆಳಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರನ್ನು ತಡವಾಗಿ ಬಿಡುತ್ತಾರೆ. ಶುಕ್ರವಾರ ಪುರಾತತ್ವ ಮ್ಯೂಸಿಯಂ ಬಂದ್. ಮಂಗಳ–ಬುಧ ಒಳ್ಳೆಯದು.

ಶಾಲ್ಮಲಾ:
ಉಪಕಾರವಾಯಿತು. ವಾಪಸ್ಸಿಗೂ ಮಡಗಾಂವದ ಮಧ್ಯಾಹ್ನದ ಪ್ಯಾಸೆಂಜರ್ ಹಿಡಿಯಬಹುದೇ?

ಕಾಳಿದಂಡೆ:
ಹಿಡಿಯಬಹುದು, ಆದರೆ ಬಿಗಿ. ಅದು ಎರಡು ಗಂಟೆಯ ಸುಮಾರಿಗೆ ಹೊರಡುತ್ತದೆ. ಒಂಬತ್ತಕ್ಕೆ ಬೆಸಿಲಿಕಾದಲ್ಲಿದ್ದು, ಹನ್ನೊಂದಕ್ಕೆ ಹಳೆ ಗೋವೆ ಬಿಡಬೇಕು. ಸಾಮಾನು ರೂಮಿನಲ್ಲಿ ಬಿಟ್ಟಿದ್ದರೆ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ರೈಲು ತಪ್ಪುತ್ತದೆ, ಚೀಲ ಹಗುರ ಮಾಡಿ ಜೊತೆಗೇ ಒಯ್ಯಿರಿ. ಮ್ಯೂಸಿಯಂ ಬಿಡಿ. ರೈಲು ತಪ್ಪಿದರೆ ಗಾಬರಿ ಬೇಡ, ಮಡಗಾಂವದಿಂದ ಕಾರವಾರಕ್ಕೆ ಬಸ್ಸಿದೆ. ಆದರೆ ಅಲ್ಲಿಂದ ಶಿರಸಿ ಮುಟ್ಟುವಾಗ ರಾತ್ರಿಯಾಗುತ್ತದೆ. ಆಯಿಗಾಗಿ ರೈಲೇ ವಾಸಿ.

ಖರ್ಚು ಹೀಗೆ ಹಿಡಿಯಿರಿ: ರೂಮು 2,200, ಊಟ–ತಿಂಡಿ 2,400, ಬಸ್ಸು–ರೈಲು–ರಿಕ್ಷಾ 1,200. ಕೈಯಲ್ಲಿ ಹತ್ತಿಪ್ಪತ್ತರ ಚಿಲ್ಲರೆ ಇಟ್ಟುಕೊಳ್ಳಿ, ಅಲ್ಲಿನ ಕಂಡಕ್ಟರುಗಳು 500ರ ನೋಟು ನೋಡಿದರೆ ರೇಗುತ್ತಾರೆ.